ಕಡಲ ಬದಿಯ ಜಾಗವನ್ನು ಜುಲೈನಲ್ಲಿ ನೋಡಿ

ಕಳೆದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಸ್ನೇಹಿತನೊಬ್ಬ ಜಾಗ ನೋಡಲು ಬಂದಿದ್ದ. ಉಡುಪಿ ಜಿಲ್ಲೆಯ ಕಡಲ ತಡಿಯಲ್ಲಿ 12 ಸೆಂಟ್ಸ್, ಹಳೆಯ ಹಂಚಿನ ಮನೆ, ಆರು ತೆಂಗಿನ ಮರ. ಎದುರಿಗೆ ಅಗಲವಾದ ಹೊಯ್ಗೆ (ಮರಳು), ಅದರಾಚೆ ಸುಮ್ಮನೆ ಮಲಗಿದ ನೀರು. ಬ್ರೋಕರ್ ಕೈಯನ್ನು ದೂರಕ್ಕೆ ಚಾಚಿ, "ಕಡಲು ಅಲ್ಲಿ ಎಲ್ಲೋ ಉಂಟು ಸರ್, ನಿಮಗೆ ಏನೂ ತೊಂದರೆ ಇಲ್ಲ" ಅಂದರು. ಸ್ನೇಹಿತ ಆಗಲೇ ಮನಸ್ಸಿನಲ್ಲಿ ಜಗಲಿಗೆ ಉಯ್ಯಾಲೆ ಕಟ್ಟಿ ಆಗಿತ್ತು.

ನಾನು ಪಕ್ಕದ ಹಿತ್ತಲಿಗೆ ಹೋದೆ. ವಯಸ್ಸಾದ ಹೆಂಗಸೊಬ್ಬರು ತೆಂಗಿನ ಗರಿ ಸೀಳುತ್ತಾ ಕೂತಿದ್ದರು. "ಅಮ್ಮಾ, ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬರ್ತದೆ?" ಅಂತ ಕೇಳಿದೆ. ಅವರು ಗರಿಯಿಂದ ಕಣ್ಣು ತೆಗೆಯದೆ ಗಲ್ಲದಲ್ಲೇ ತೋರಿಸಿದರು. "ಆ ಕಲ್ಲು ಕಾಣ್ತದಲ್ಲ, ಅದರ ಆಚೆ ನಮ್ಮ ಬಾವಿ ಇತ್ತು. ಈಗ ಬಾವಿ ಇಲ್ಲ, ಕಲ್ಲು ಉಂಟು."

ಹೊಯ್ಗೆಯಲ್ಲಿ ಅರ್ಧ ಹೂತುಹೋದ ಕರಿ ಬಂಡೆಗಳ ಸಾಲೊಂದು ಅಲ್ಲಿತ್ತು. ನಾವು ಅದನ್ನು ಕೂರಲು ಹಾಕಿದ ಕಲ್ಲು ಅಂದುಕೊಂಡಿದ್ದೆವು. ಅದು ಯಾವುದೋ ಮಳೆಗಾಲದಲ್ಲಿ ತುರ್ತಾಗಿ ಸುರಿದ ತಡೆಗೋಡೆ.

ಕರಾವಳಿಯಲ್ಲಿ ಮನೆ ಕೊಳ್ಳಲು ಬರುವವರ ಮುಖ್ಯ ತಪ್ಪು ಇದೇ. ಎಲ್ಲರೂ ಬರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಕಡಲು ತಾನು ತಿಂದದ್ದನ್ನು ವಾಪಸ್ ತಂದಿಡುತ್ತಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಎತ್ತರದ, ಒತ್ತೊತ್ತಾದ ಅಲೆಗಳು ದಡದ ಹೊಯ್ಗೆಯನ್ನು ಎಳೆದು ನೀರೊಳಗೆ ದಿಬ್ಬವಾಗಿ ಇಡುತ್ತವೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನವಾಗಿ ದಡಕ್ಕೆ ತಳ್ಳುತ್ತವೆ. ಹೋಗುವುದು ಬರುವುದು ಎರಡೂ ಸಹಜ. ಈ ಲೆಕ್ಕ ವರ್ಷಾಂತ್ಯಕ್ಕೆ ಸರಿಹೊಂದುತ್ತದೋ, ಪ್ರತಿ ವರ್ಷ ಸ್ವಲ್ಪ ಸಾಲ ಉಳಿಯುತ್ತದೋ ಅನ್ನುವುದೇ ಕೊಳ್ಳುವವರಿಗೆ ಬೇಕಾದ ಮಾಹಿತಿ. ಒಂದು ದಿನ ಬಂದು ನೋಡಿದರೆ ಅದು ತಿಳಿಯುವುದಿಲ್ಲ.

ತಿಳಿಯಲು ದುಡ್ಡೇನೂ ಬೇಕಾಗಿಲ್ಲ. ಗೂಗಲ್ ಅರ್ಥ್‌ನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷವಾರು ಹಿಂದಕ್ಕೆ ಎಳೆದು ನೋಡಬಹುದು. ಮನೆಯ ಮೂಲೆಯಿಂದ ಗಿಡಬಳ್ಳಿ ಮುಗಿಯುವ ಅಂಚಿನವರೆಗೆ ಅಳತೆ ತೆಗೆಯಿರಿ. ನೀರಿನ ಅಂಚನ್ನು ಅಳೆಯಬೇಡಿ, ಅದು ಉಬ್ಬರ ಇಳಿತಕ್ಕೆ ಗಂಟೆಗೊಮ್ಮೆ ಬದಲಾಗುತ್ತದೆ. ಬೇರೆ ಬೇರೆ ವರ್ಷದ ಚಿತ್ರಗಳನ್ನು ಹೋಲಿಸುವಾಗ ಒಂದೇ ತಿಂಗಳಿನವು ಆಗಿರಲಿ. ಹದಿನೈದು ವರ್ಷದಲ್ಲಿ 30 ಮೀಟರ್ ಹೋಗಿದ್ದರೆ ವರ್ಷಕ್ಕೆ 2 ಮೀಟರ್. ನಿಮ್ಮ ಗೃಹಸಾಲ 20 ವರ್ಷದ್ದು. ಗುಣಿಸಿ ನೋಡಿ, ಕೊನೆಯ ಕಂತು ಕಟ್ಟುವಾಗ ಮನೆ ಎಲ್ಲಿರುತ್ತದೆ ಅಂತ.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಇದೇ ಕೆಲಸವನ್ನು ಇಡೀ ದೇಶಕ್ಕೆ ಮಾಡಿದೆ. ದೇಶದ ಕರಾವಳಿಯಲ್ಲಿ ಮೂರರಲ್ಲಿ ಒಂದು ಭಾಗ ಕೊರೆಯುತ್ತಿದೆ. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಭಾಗ. ಅಂದರೆ ಮುಕ್ಕಾಲು ಭಾಗ ಸ್ಥಿರವಾಗಿದೆ ಅಥವಾ ಬೆಳೆಯುತ್ತಿದೆ. ಕಡಲು ಅಂದ ಕೂಡಲೇ ಹೆದರಿ ಓಡಬೇಕಾಗಿಲ್ಲ. ಆದರೆ ಸರಾಸರಿಯಿಂದ ಯಾರ ಮನೆಯೂ ಉಳಿಯುವುದಿಲ್ಲ, ನೋಡಬೇಕಾದದ್ದು ನಿಮ್ಮ ಅರ್ಧ ಕಿಲೋಮೀಟರನ್ನು.

ಆ ಅರ್ಧ ಕಿಲೋಮೀಟರಿನ ಹಣೆಬರಹ ಹಲವು ಸಲ ಪಕ್ಕದೂರಿನಲ್ಲಿ ಬರೆದಿರುತ್ತದೆ. ಮಂಗಳೂರಿನ ಪಕ್ಕದ ಉಳ್ಳಾಲವನ್ನೇ ನೋಡಿ. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಕಡಲಿಗಿಳಿಯುವ ಅಳಿವೆಯಲ್ಲಿ ಮೀನುಗಾರಿಕೆ ದೋಣಿಗಳಿಗಾಗಿ ಎರಡೂ ಬದಿಗೆ ಅಲೆ ತಡೆಯುವ ಕಲ್ಲಿನ ಗೋಡೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರು. ಉತ್ತರದ ಬೆಂಗ್ರೆ ಕಡೆ ಹೊಯ್ಗೆ ಕೂಡಿತು, ಉಳ್ಳಾಲದ ಕಡೆ ಕರಗಿತು. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ರೀಫ್ (ಅಲೆ ಮುರಿಯುವ ದಿಬ್ಬ) ಹಾಕಿ, ಬ್ರೇಕ್‌ವಾಟರ್ ಸರಿಪಡಿಸಿ ಅಲೆಯ ಹೊಡೆತ ತಗ್ಗಿಸುವ ಕೆಲಸ ನಡೆಯಿತು. ಈಗ ಮಳೆಗಾಲದ ಸುದ್ದಿಯಲ್ಲಿ ಜಾಸ್ತಿ ಕೇಳುವ ಹೆಸರು ಅದರ ದಕ್ಷಿಣದ ಸೋಮೇಶ್ವರ ಉಚ್ಚಿಲ. ಕಲ್ಲಿನ ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ಕೊರೆತ ಶುರುವಾಗುವುದು ಕರಾವಳಿಯವರಿಗೆ ಹೊಸ ವಿಷಯವಲ್ಲ. ದಡದುದ್ದಕ್ಕೂ ಹರಿದು ಬರಬೇಕಾದ ಹೊಯ್ಗೆಯನ್ನು ಮೇಲಿನವರು ತಡೆದಿಟ್ಟರೆ ಕೆಳಗಿನವರಿಗೆ ಬರುವುದು ಬರೀ ಅಲೆ.

ಹಾಗಾಗಿ ಜಾಗದ ಎರಡೂ ಕಡೆ ಐದಾರು ಕಿಲೋಮೀಟರ್ ತಿರುಗಾಡಿ. ಹೊಸ ಬಂದರು, ಜೆಟ್ಟಿ, ತಡೆಗೋಡೆ ಏನಾದರೂ ಏಳುತ್ತಿದೆಯೇ ಕೇಳಿ. ತಡೆಗೋಡೆ ಇದೆ ಅನ್ನುವುದನ್ನು ಬ್ರೋಕರ್ ಧೈರ್ಯದ ಮಾತಾಗಿ ಹೇಳುತ್ತಾರೆ. ನನಗೆ ಅದು ವೈದ್ಯರ ಚೀಟಿಯ ಹಾಗೆ ಕಾಣುತ್ತದೆ. ಕಾಯಿಲೆ ಇಲ್ಲದೆ ಯಾರೂ ಚೀಟಿ ಬರೆಯುವುದಿಲ್ಲವಲ್ಲ!

ಇನ್ನು ಕಾಗದಪತ್ರ. ಪಹಣಿ, ಸರ್ವೆ ಸ್ಕೆಚ್, ಇಸಿ (ಋಣಭಾರ ಪತ್ರ), ಕನ್ವರ್ಷನ್ ಆದೇಶ ಇವನ್ನೆಲ್ಲ ವಕೀಲರು ನೋಡುತ್ತಾರೆ. ಕರಾವಳಿಯಲ್ಲಿ ಅದರ ಜೊತೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಂತ ಒಂದಿದೆ. 1991ರಲ್ಲಿ ಬಂದ ಈ ಅಧಿಸೂಚನೆ 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ದೊಡ್ಡ ಉಬ್ಬರದ ನೀರು ಮುಟ್ಟುವ ರೇಖೆಯಿಂದ ಒಳಗೆ 500 ಮೀಟರ್‌ವರೆಗೆ ಇದರ ವ್ಯಾಪ್ತಿ. ಹಳ್ಳಿ ಪ್ರದೇಶದಲ್ಲಿ, 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇದ್ದರೆ ಮೊದಲ 50 ಮೀಟರ್, ಕಡಿಮೆ ಇದ್ದರೆ ಮೊದಲ 200 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲದ ವಲಯ. ಉಬ್ಬರದ ನೀರು ಏರುವ ಹೊಳೆ, ಹಿನ್ನೀರಿನ ಬದಿಗೆ ಇದು 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು.

"ಹಳೇ ಮನೆ ನಂಬರ್ ಉಂಟಲ್ಲ ಸರ್, ರಿಪೇರಿ ಅಂತ ತೋರಿಸಿ ದೊಡ್ಡದು ಕಟ್ಟಿ" ಅನ್ನುವ ಸಲಹೆ ಧಾರಾಳ ಸಿಗುತ್ತದೆ. ನಮಗೂ ಸಿಕ್ಕಿತು. ನಿಯಮದಲ್ಲಿ ರಿಪೇರಿಗೂ ಮರುನಿರ್ಮಾಣಕ್ಕೂ ಅವಕಾಶ ಇದೆ, ಆದರೆ ಅದು ಅಧಿಕೃತವಾಗಿ ಇದ್ದ ಕಟ್ಟಡಕ್ಕೆ, ಇದ್ದ ತಳಪಾಯದ ಅಳತೆಗೆ. 400 ಚದರ ಅಡಿಯ ಮನೆ ಎರಡು ಮಹಡಿಯ ಹೋಮ್‌ಸ್ಟೇ ಆಗುವುದಿಲ್ಲ. ಮೀನುಗಾರರಿಗೂ ಅಲ್ಲೇ ಹುಟ್ಟಿ ಬೆಳೆದ ಸಮುದಾಯದವರಿಗೂ ಕೆಲವು ರಿಯಾಯಿತಿ ಇದೆ. ಜಾಗ ಕೈ ಬದಲಾದ ಕೂಡಲೇ ಬೆಂಗಳೂರಿನವರು ಆ ಸಮುದಾಯಕ್ಕೆ ಸೇರುವುದಿಲ್ಲ.

ನಕ್ಷೆ ನೋಡುವಾಗಲೂ ಒಂದು ಸಣ್ಣ ಎಚ್ಚರ ಬೇಕು. ಇಂಟರ್‌ನೆಟ್ಟಿನಲ್ಲಿ ಸಿಗುವ ಕರಾವಳಿ ನಿರ್ವಹಣಾ ನಕ್ಷೆಗಳ ಅಳತೆ 1:25,000. ಅದರಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. ಪೆನ್ಸಿಲ್ ಗೆರೆಯ ದಪ್ಪದಲ್ಲೇ ನಿಮ್ಮ ಮನೆ ಮುಚ್ಚಿಹೋಗುತ್ತದೆ. ಸರ್ವೆ ನಂಬರ್ ಕಾಣುವ ದೊಡ್ಡ ಅಳತೆಯ ನಕ್ಷೆಯನ್ನೇ ಕೇಳಿ. ಮಂಗಳೂರು, ಉಡುಪಿ, ಕಾರವಾರದಲ್ಲಿ ಪ್ರಾದೇಶಿಕ ಪರಿಸರ ನಿರ್ದೇಶಕರ ಕಚೇರಿಗಳಿವೆ. ಅಲ್ಲಿ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ಪಡೆಯಿರಿ. ಬಾಯಿಮಾತಿಗೆ ಬೆಲೆ ಇಲ್ಲ.

ಬಾಯಿಮಾತು ಬಿಡಿ, ಪಂಚಾಯತ್ ಪರವಾನಗಿ ಕೂಡ ಸಾಕಾಗಲಿಲ್ಲ, ಕೊಚ್ಚಿಯ ಮರಡುವಿನಲ್ಲಿ. ಅಲ್ಲಿನ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳಿಗೆ ಸ್ಥಳೀಯ ಪಂಚಾಯತ್ 2006ರಲ್ಲಿ ಅನುಮತಿ ಕೊಟ್ಟಿತ್ತು. ಜನ ಸಾಲ ಮಾಡಿ ಫ್ಲ್ಯಾಟ್ ಕೊಂಡರು, ವರ್ಷಗಟ್ಟಲೆ ಬದುಕಿದರು. ಸಿಆರ್‌ಝಡ್ ಉಲ್ಲಂಘನೆ ಅಂತ ಸುಪ್ರೀಂ ಕೋರ್ಟ್ 2019ರ ಮೇ 8ರಂದು ಕೆಡವಲು ಆದೇಶಿಸಿತು. 2020ರ ಜನವರಿ 11, 12ರಂದು ನಾಲ್ಕೂ ಸಮುಚ್ಚಯ ಸ್ಫೋಟಕ ಇಟ್ಟು ಕೆಡವಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆ ಕಟ್ಟಡಗಳು ಇದ್ದದ್ದು ತೆರೆದ ಕಡಲಿನ ಎದುರಲ್ಲ, ಹಿನ್ನೀರಿನ ಬದಿಗೆ. ಕುಂದಾಪುರದಲ್ಲೋ ಹೊನ್ನಾವರದಲ್ಲೋ ರಿವರ್ ವ್ಯೂ ಜಾಗ ನೋಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಸಿಆರ್‌ಝಡ್ ದಾಟಿದೆ ಅಂದರೆ ಜಾಗ ಸುರಕ್ಷಿತ ಅಂತ ಎಲ್ಲರೂ ನಂಬಿದ್ದಾರೆ. ಹಾಗಲ್ಲ. ಅದು ಎಲ್ಲಿ ಕಟ್ಟಬಹುದು ಅಂತ ಸರ್ಕಾರ ಎಳೆದ ಗೆರೆ. ಕೊರೆತ, ಪ್ರವಾಹ, ಕಡಲ ಮಟ್ಟ ಏರುವುದು ಎಲ್ಲವನ್ನೂ ಲೆಕ್ಕ ಹಾಕಿ ಸರ್ವೆ ಆಫ್ ಇಂಡಿಯಾ ಗುರುತಿಸಿದ ಅಪಾಯ ರೇಖೆ ಅಂತ ಇನ್ನೊಂದಿದೆ. 2019ರ ಅಧಿಸೂಚನೆಯಲ್ಲಿ ಅದು ವಿಪತ್ತು ನಿರ್ವಹಣೆಯ ಯೋಜನೆಗೆ ಮಾತ್ರ. ಕಟ್ಟಡದ ಅನುಮತಿ ನಿರ್ಧರಿಸುವುದು ಅದಲ್ಲ. ಅಂದರೆ ಅನುಮತಿಯ ಗೆರೆಯಿಂದ ಹೊರಗಿದ್ದು ಅಪಾಯದ ಗೆರೆಯೊಳಗೆ ಇರುವ ಜಾಗವನ್ನು ನೀವು ಪೂರ್ತಿ ಕಾನೂನುಬದ್ಧವಾಗಿ ಕೊಳ್ಳಬಹುದು. 2011ರಲ್ಲಿ ಹೊಳೆ ಬದಿಗೆ 100 ಮೀಟರ್ ಇದ್ದದ್ದು 2019ರಲ್ಲಿ 50 ಆಯಿತು. ಹೊಳೆ ಈ ಬದಲಾವಣೆಯನ್ನು ಓದಿಲ್ಲ.

ಗೆರೆಗಳಿಗಿಂತ ಊರಿನ ಹೆಸರುಗಳನ್ನು ನಾನು ಜಾಸ್ತಿ ನಂಬುತ್ತೇನೆ. ಬೆಂಗ್ರೆ ಅಂದರೆ ಹೊಳೆಗೂ ಕಡಲಿಗೂ ನಡುವಿನ ಹೊಯ್ಗೆಯ ನಾಲಗೆ. ಕುದ್ರು ಅಂದರೆ ಹೊಳೆ ನಡುವಿನ ದ್ವೀಪ. ಕೋಡಿ ಅಂದರೆ ತುದಿ. ಇವೆಲ್ಲ ನೀರು ಮಾಡಿದ ಜಾಗಗಳು, ನೀರೇ ಬದಲಾಯಿಸುವ ಜಾಗಗಳು. ಅಳಿವೆಯ ಬಾಯಿ ಒಂದೇ ಕಡೆ ನಿಲ್ಲುವುದಿಲ್ಲ. ಶಾಂಭವಿ, ನಂದಿನಿ ಕೂಡಿ ಕಡಲು ಸೇರುವ ಸಸಿಹಿತ್ಲುವಿನಲ್ಲಿ ಬೀಚಿನ ತುದಿ ಕರಗುವುದನ್ನು ಊರವರು ನೋಡುತ್ತಲೇ ಇದ್ದಾರೆ. ಎರಡು ಕಡೆ ನೀರು ಕಾಣುವ ಜಾಗಕ್ಕೆ ಬೆಲೆ ಜಾಸ್ತಿ. ಅಲ್ಲಿ ಅಪಾಯವೂ ಎರಡು ಕಡೆಯಿಂದ.

ಒಳಗಿನ ಹೆಸರುಗಳೂ ಹಾಗೆಯೇ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಅಂತ ವಿಂಗಡಿಸುತ್ತಿದ್ದರು. ಬೆಟ್ಟು ಎತ್ತರದ್ದು, ಮಳೆ ನಂಬಿದ್ದು. ಮಜಲು ನಡುವಿನದು. ಬೈಲು ತಗ್ಗು. ಏಣೆಲು, ಸುಗ್ಗಿ ಅನ್ನುವ ಎರಡು ಬೆಳೆ ಮುಗಿಸಿ ಬೇಸಿಗೆಯ ಕೊಳಕೆ ಬೆಳೆಯನ್ನೂ ತೆಗೆಯುವಷ್ಟು ನೀರು ನಿಲ್ಲುವ ಜಾಗ ಅದು. ಅಲ್ಲಿ ಕೆಂಪು ಮಣ್ಣು ತುಂಬಿಸಿ ಸೈಟ್ ಮಾಡಿದರೆ ನೀರಿಗೆ ಹಳೆ ದಾರಿ ಮರೆತುಹೋಗುತ್ತದೆಯೇ? ಮಂಗಳೂರಿನಲ್ಲಿ 2018ರ ಮೇ 29ರ ಮಳೆ ಬಂದಾಗ ನಗರದ ತಗ್ಗು ಭಾಗಗಳು ಹೇಗಿದ್ದವು ಅಂತ ಅಲ್ಲಿನವರನ್ನು ಕೇಳಿ. ಉತ್ತರ ಕನ್ನಡದಲ್ಲಿ ಗಜನಿ ಅನ್ನುವ ಮಾತು ಕೇಳಿದರೆ ಅದು ಉಬ್ಬರದ ಉಪ್ಪುನೀರು ನುಗ್ಗುವ ಗದ್ದೆ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಿದ್ದ ನೆಲದಲ್ಲಿ ಗುಲಾಬಿ ಗಿಡ ನೆಡುವ ಆಸೆ ಬೇಡ.

ಹಾಗಾದರೆ ಎತ್ತರದಲ್ಲಿ, ಗುಡ್ಡದ ಮೇಲೆ ಸೀ ವ್ಯೂ ತೆಗೆದುಕೊಂಡರೆ ಆಯಿತಲ್ಲ ಅನ್ನಬಹುದು. ಗುಡ್ಡವನ್ನು ನೇರವಾಗಿ ಕಡಿದು ಮಾಡಿದ ಜಾಗವಾಗಿದ್ದರೆ ಅದೂ ಬೇರೆ ರೀತಿಯ ಕೊರೆತವೇ. ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಮೆತ್ತಗಿನ ಜೇಡಿಮಣ್ಣು. ಮಳೆನೀರು ಒಳಗಿಳಿದು ಆ ಮಣ್ಣು ನೆನೆದರೆ ಮೇಲಿನದು ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಮಣ್ಣು ಗಂಗಾವಳಿ ಹೊಳೆಗೆ ಬಿತ್ತು. ಅದು ಎಬ್ಬಿಸಿದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಗುಡ್ಡ ಅವರ ಹಿತ್ತಲಿನದಾಗಿರಲಿಲ್ಲ.

ಬಾವಿಯ ವಿಷಯ ಯಾರೂ ಕೇಳುವುದಿಲ್ಲ, ಕೇಳಿದರೂ ಡಿಸೆಂಬರ್‌ನಲ್ಲಿ ಕೇಳುತ್ತಾರೆ. ಆಗ ಎಲ್ಲ ಬಾವಿಯ ನೀರೂ ಸಿಹಿ. ಕಡಲ ಬದಿಯ ಹೊಯ್ಗೆಯೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲ ಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರುತ್ತದೆ ಅನ್ನುವುದು ಲೆಕ್ಕ. ತಿರುಗಿಸಿ ಓದಿದರೆ ಇದೇ ಅಪಾಯ. ಮೇಲೆ 1 ಅಡಿ ಇಳಿದರೆ ಕೆಳಗಿನಿಂದ ಉಪ್ಪು 40 ಅಡಿ ಏರಬಹುದು. ಪಕ್ಕದ ರೆಸಾರ್ಟ್ ಬೋರ್‌ವೆಲ್ ಹಾಕಿ ಈಜುಕೊಳ ತುಂಬಿಸಿದರೆ ಉಪ್ಪಾಗುವುದು ನಿಮ್ಮ ಬಾವಿ. ಏಪ್ರಿಲ್ ಕೊನೆಯಲ್ಲಿ ಒಂದು ಬಾಟಲಿ ನೀರು ಲ್ಯಾಬಿಗೆ ಕೊಡಿ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದಾಗ 1000 ಗರಿಷ್ಠ ಮಿತಿ. ಮಳೆಗಾಲದಲ್ಲಿ ಸಮಸ್ಯೆ ಉಲ್ಟಾ. ನೆಲದ ನೀರು ಮೇಲೆ ಬಂದು ಶೌಚದ ಗುಂಡಿ ತುಂಬಿ ನಿಲ್ಲುತ್ತದೆ. 12 ಸೆಂಟ್ಸ್‌ನಲ್ಲಿ ಬಾವಿ ಎಲ್ಲಿ, ಗುಂಡಿ ಎಲ್ಲಿ, ಪಕ್ಕದವರ ಗುಂಡಿ ಎಲ್ಲಿ ಅಂತ ಹೆಜ್ಜೆ ಹಾಕಿ ಅಳೆಯಿರಿ.

ಕಟ್ಟಡದ ಬಗ್ಗೆ ಎರಡೇ ಮಾತು. ಅಪಾರ್ಟ್‌ಮೆಂಟಾದರೆ ಬಾಲ್ಕನಿಯ ಸ್ಲ್ಯಾಬಿನ ಕೆಳಭಾಗ ನೋಡಿ. ಕಂದು ಗೆರೆ, ಉಬ್ಬಿದ ಗಾರೆ ಕಂಡರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ ಅಂತ ಅರ್ಥ. ಬಣ್ಣ ಹೊಸದಾಗಿದ್ದರೆ ಇನ್ನೂ ಹತ್ತಿರದಿಂದ ನೋಡಿ. ಹೊಸದಾಗಿ ಕಟ್ಟುವುದಾದರೆ ಕಾಂಕ್ರೀಟಿನ ಭಾರತೀಯ ಮಾನಕ 456ರ (2000) ಪ್ರಕಾರ ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟ್‌ಗೆ ಕನಿಷ್ಠ ಎಂ30 (ಬಲದ ದರ್ಜೆ) ಬೇಕು, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಬೇಕು. ಕಡಲ ತುಂತುರು ಬೀಳುವಲ್ಲಿ ಎಂ35, 50 ಮಿಲಿಮೀಟರ್. ಕಂಟ್ರಾಕ್ಟರ್ "ಎಲ್ಲರೂ ಎಂ20ರಲ್ಲೇ ಕಟ್ಟೋದು" ಅಂದರೆ ನಂಬಿ, ನಿಜವೇ ಇರಬಹುದು. ಆ ಬಾಲ್ಕನಿಗಳನ್ನು ಈಗಷ್ಟೇ ನೋಡಿದಿರಲ್ಲ.

ವಿಮೆ ಮಾಡಿಸಿದರೆ ಆಯಿತು ಅನ್ನುವವರಿಗಾಗಿ ಪಾಲಿಸಿಯ ಸಣ್ಣ ಅಕ್ಷರ ಓದಿದ್ದೇನೆ. 2021ರ ಏಪ್ರಿಲ್‌ನಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಪಾಲಿಸಿ ಇದೆ. ಒಳ್ಳೆಯ ಪಾಲಿಸಿಯೇ. ಚಂಡಮಾರುತ, ಪ್ರವಾಹ, ಭೂಕುಸಿತ ಎಲ್ಲ ಒಳಗೊಂಡಿದೆ. ಆದರೆ ನೆಲ ಕುಸಿಯುವ ಕಲಮಿನಡಿ ಏನೇನು ಸೇರುವುದಿಲ್ಲ ಅನ್ನುವ ಪಟ್ಟಿಯಲ್ಲಿ ಎರಡು ಸಾಲಿವೆ: ಮಣ್ಣು ತುಂಬಿಸಿದ ನೆಲ ಕೂರುವುದು, ಮತ್ತು ಕಡಲ ಅಥವಾ ನದಿಯ ಕೊರೆತ. ಒಂದೇ ರಾತ್ರಿಯ ಬಿರುಗಾಳಿಗೆ ಮಾಡು ಹಾರಿದರೆ ಪರಿಹಾರ ಕೇಳಬಹುದು. ಹತ್ತು ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಹಿತ್ತಲು ಹೋಗಿ ಕೊನೆಗೆ ಗೋಡೆ ಬಿದ್ದರೆ ಆ ಸಾಲು ಎದುರು ನಿಲ್ಲುತ್ತದೆ. ಇನ್ನು ವಿಮೆ ಕಟ್ಟಡಕ್ಕೆ, ಒಳಗಿನ ಸಾಮಾನಿಗೆ ಮಾತ್ರ, ನೆಲಕ್ಕಿಲ್ಲ. ಕಡಲ ಬದಿಯಲ್ಲಿ ನೀವು ದುಡ್ಡು ಕೊಟ್ಟಿದ್ದು ಹಂಚಿನ ಮನೆಗಲ್ಲ, ನೆಲಕ್ಕೆ. ಅದು ಹೋದರೆ ಕೇಳುವವರಿಲ್ಲ.

ಹವಾಮಾನ ಬದಲಾವಣೆಯನ್ನು ಕೊನೆಗೆ ಇಟ್ಟದ್ದು ಅದು ಸಣ್ಣದು ಅಂತಲ್ಲ. ಮೇಲಿನ ಎಲ್ಲ ಲೆಕ್ಕವನ್ನೂ ಅದು ಕೆಡಿಸುತ್ತದೆ ಅಂತ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿ ಪ್ರಕಾರ 2006ರಿಂದ 2018ರ ನಡುವೆ ಜಗತ್ತಿನ ಕಡಲ ಮಟ್ಟ ವರ್ಷಕ್ಕೆ 3.7 ಮಿಲಿಮೀಟರ್ ಏರಿದೆ. 30 ವರ್ಷಕ್ಕೆ 11 ಸೆಂಟಿಮೀಟರ್, ಒಂದು ಗೇಣಿಗೂ ಕಮ್ಮಿ. ಇಷ್ಟೇನಾ ಅನ್ನಿಸುತ್ತದೆ. ಆದರೆ ದಡ ಗೋಡೆಯಲ್ಲ, ಇಳಿಜಾರು. 50 ಮೀಟರಿಗೆ 1 ಮೀಟರ್ ಏರುವ ದಡದಲ್ಲಿ 11 ಸೆಂಟಿಮೀಟರ್ ಅಂದರೆ ನೀರು ಐದೂವರೆ ಮೀಟರ್ ಒಳಗೆ. ಏರುವ ವೇಗವೂ ಹೆಚ್ಚುತ್ತಿದೆ. ಅದರ ಮೇಲೆ ಅರಬ್ಬೀ ಸಮುದ್ರ ಬಿಸಿಯಾಗಿದೆ. 1982ರಿಂದ 2000ದವರೆಗಿನ ಲೆಕ್ಕಕ್ಕೆ ಹೋಲಿಸಿದರೆ 2001ರಿಂದ 2019ರಲ್ಲಿ ಇಲ್ಲಿನ ಚಂಡಮಾರುತಗಳು ಶೇ. 52 ಹೆಚ್ಚಿವೆ ಅಂತ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಹೇಳಿದ್ದಾರೆ. 2017ರ ಓಖಿ, 2021ರ ತೌಕ್ತೆ ಎರಡೂ ನಮ್ಮ ಕರಾವಳಿಗೆ ನೇರ ಅಪ್ಪಳಿಸಲಿಲ್ಲ. ದೂರದಿಂದ ಹೋದವು. ಅಷ್ಟಕ್ಕೇ ಉಳ್ಳಾಲ, ಸೋಮೇಶ್ವರದಲ್ಲಿ ಮನೆಗಳಿಗೆ ನೀರು ನುಗ್ಗಿತ್ತು. ತೌಕ್ತೆ ಬಂದದ್ದು ಮೇ ತಿಂಗಳಲ್ಲಿ, ಓಖಿ ಡಿಸೆಂಬರ್ ಹೊತ್ತಿಗೆ. ಕಡಲು ಕೆಡುವುದು ಮಳೆಗಾಲದಲ್ಲಿ ಮಾತ್ರ ಅನ್ನುವ ಹಳೆಯ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕಾಗಿದೆ.

ಮೀನಿನ ಎಣ್ಣೆ ತೆಗೆಯುವ ಫ್ಯಾಕ್ಟರಿಯ ವಾಸನೆ, ಬೀಚಿಗೆ ಬಂದು ಬೀಳುವ ಕಸ, ಟಾರ್ ಉಂಡೆ ಇವೆಲ್ಲ ಇದ್ದೇ ಇವೆ. ಒಂದು ರಾತ್ರಿ ಅಲ್ಲೇ ಉಳಿದರೆ ತಾನಾಗಿ ತಿಳಿಯುತ್ತದೆ.

ಸ್ನೇಹಿತನಿಗೆ ನಾನು ಹೇಳಿದ್ದು ಒಂದೇ. ಅಡ್ವಾನ್ಸ್ ಕೊಡಬೇಡ, ಆಟಿ ತಿಂಗಳಲ್ಲಿ ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ ಬಾ. ಜುಲೈ ಕೊನೆಗೆ ಬಂದ. ಕೊಡೆ ನಿಲ್ಲದ ಗಾಳಿ. ಹೂತಿದ್ದ ಕಲ್ಲುಗಳೆಲ್ಲ ಎದ್ದು ನಿಂತಿದ್ದವು, ಅಲೆ ಅವುಗಳ ಮೇಲೆ ಹಾರಿ ಹಿತ್ತಲಿಗೆ ಬೀಳುತ್ತಿತ್ತು. ಆರು ತೆಂಗಿನ ಮರದಲ್ಲಿ ಒಂದರ ಬೇರು ಪೂರ್ತಿ ಹೊರಗೆ ಬಂದು ನೇತಾಡುತ್ತಿತ್ತು. ಪಕ್ಕದ ಮನೆಯವರು ನಮ್ಮನ್ನು ಕರೆದು ಜಗಲಿಯಲ್ಲಿ ಕೂರಿಸಿ ಬಿಸಿ ಚಹಾ ಕೊಟ್ಟರು. "ಈ ವರ್ಷ ಕಮ್ಮಿ" ಅಂದರು.

ಅವನು ಈಗ ಎರಡು ಕಿಲೋಮೀಟರ್ ಒಳಗೆ, ಒಂದು ಬೆಟ್ಟು ಗದ್ದೆಯ ಪಕ್ಕದ ಹಳೆ ಮನೆಯ ಕಾಗದ ನೋಡಿಸುತ್ತಿದ್ದಾನೆ. ಕಡಲು ಕಾಣುವುದಿಲ್ಲ, ರಾತ್ರಿ ಮೊರೆತ ಕೇಳುತ್ತದೆ. ಮೊದಲಿನ ಬ್ರೋಕರ್ ಇನ್ನೂ ಬಿಟ್ಟಿಲ್ಲ, ಮೊನ್ನೆ ಫೋನ್ ಮಾಡಿದ್ದರಂತೆ. ರೇಟು ಇಳಿದಿದೆ, ಗಡಿಬಿಡಿ ಬೇಡ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಬಂದು ನೋಡಿ ಅಂತ.